ಗಿರಿಜಮ್ಮ ಕಲಿಸಿದ ಕಾಂತಾಬಿಲೆ

ಆರು ವರ್ಷಗಳ ಹಿಂದಿನ ಮಾತು. ಆಗ ನಾನು ಶಿಕಾರಿಪುರದ ಒಂದು ಖಾಸಗಿ ಶಾಲೆಯಲ್ಲಿ ಸಂಗೀತ ಶಿಕ್ಷಕಿ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹಳೆಯ ವಿದ್ಯಾರ್ಥಿಯೊಬ್ಬರು ದಾನವಾಗಿ ಕೊಟ್ಟ ಎಂಬತ್ತೆಂಟು ಕೀಗಳ ಡಿಜಿಟಲ್ ಪಿಯಾನೊ ಶಾಲೆಯಲ್ಲಿತ್ತು. ಶನಿವಾರ ಮಧ್ಯಾಹ್ನ ಹೊರಗಿನವರಿಗೂ ಪಾಠ ಹೇಳಲು ಮುಖ್ಯೋಪಾಧ್ಯಾಯರು ಒಪ್ಪಿದ್ದರು. ಹಾಗೆ ಬಂದವರು ಗಿರಿಜಮ್ಮ.

ಅವರಿಗೆ ಐವತ್ತೆರಡು ವಯಸ್ಸು. ಹುಟ್ಟೂರು ಹೊಸಬಾಳೆ; ಮನೆ, ನರ್ಸ್ ಕೆಲಸ ಎರಡೂ ಸೊರಬದಲ್ಲಿ. ಥೈರಾಯ್ಡ್ ಆಪರೇಷನ್ ಆದ ಮೇಲೆ ದನಿ ಬಿದ್ದುಹೋಗಿತ್ತು. ಮಾತನಾಡಿದರೆ ಪಿಸುಮಾತಿನಂತೆ ಕೇಳುತ್ತಿತ್ತು. "ಕೈಯಾದ್ರೂ ಏನಾದ್ರೂ ಕಲೀಲಿ ಅಂತ ಬಂದೆ ಮೇಡಂ" ಎಂದಿದ್ದರು. ನಾನು ಹೆಚ್ಚು ಕೇಳಲು ಹೋಗಲಿಲ್ಲ.

ಪಿಯಾನೊ ಬರಹದಲ್ಲಿ ಯಾವ ಸ್ವರ, ಎಷ್ಟು ಹೊತ್ತು ಎಂಬುದನ್ನು ಐದು ಗೆರೆಗಳ ಮೇಲಿನ ಚುಕ್ಕೆಗಳು ಹೇಳುತ್ತವೆ. ಹೇಗೆ ನುಡಿಸಬೇಕು ಎಂಬುದನ್ನು ಇಟಾಲಿಯನ್ ಪದಗಳಲ್ಲಿ ಬರೆದಿರುತ್ತಾರೆ. ಅಂದಾಂತೆ ಎಂದರೆ ನಡಿಗೆಯ ವೇಗ, ಡೋಲ್ಚೆ ಎಂದರೆ ಇಂಪಾಗಿ, ಕ್ರೆಶೆಂಡೊ ಎಂದರೆ ಬರಬರುತ್ತಾ ಜೋರಾಗಿ. ಮಕ್ಕಳು ಇವಕ್ಕೆ ಹೆದರುತ್ತಾರೆ. ಗಿರಿಜಮ್ಮ ಹೆದರಲಿಲ್ಲ. "ಡಾಕ್ಟರ್ ಚೀಟೀಲಿ ಬೇಕಾದಾಗ ತಗೊಳ್ಳಕ್ಕೆ ಎಸ್‌ಓಎಸ್, ದಿನಕ್ಕೆ ಎರಡು ಸಲಕ್ಕೆ ಬಿ.ಡಿ. ಅಂತೆಲ್ಲ ಬರೀತಾರಲ್ಲ, ಇದೂ ಹಂಗೇ" ಎಂದು ನಕ್ಕು ಎಲ್ಲವನ್ನೂ ಬಾಯಿಪಾಠ ಮಾಡಿದರು. ಒಂದೂವರೆ ವರ್ಷದಲ್ಲಿ ಒಂದು ಸ್ವರವೂ ತಪ್ಪದಂತೆ ನುಡಿಸತೊಡಗಿದರು. ಆದರೆ ಕೇಳಿದರೆ ಟೈಪ್ ಹೊಡೆದಂತಿರುತ್ತಿತ್ತು. ಕಾಲಕ್ರಮೇಣ ಸರಿಹೋಗುತ್ತದೆ ಎಂದುಕೊಂಡು ಶಿವಮೊಗ್ಗದಲ್ಲಿ ನಡೆಯುವ ಗ್ರೇಡ್ ಪರೀಕ್ಷೆಗೆ ಅವರ ಹೆಸರು ಕೊಟ್ಟೆ.

ಪರೀಕ್ಷೆಯ ರಚನೆಯೊಂದರ ತಲೆಯ ಮೇಲೆ 'ಕಾಂತಾಬಿಲೆ' ಎಂದಿತ್ತು. ಅವರು ಅರ್ಥ ಕೇಳಿದರು. ನಾನು ಯೋಚಿಸದೆ, "ಹಾಡುವ ಹಾಗೆ ನುಡಿಸಿ ಅಂತ" ಎಂದೆ.

ಗಿರಿಜಮ್ಮ ಕೀಗಳ ಮೇಲಿನಿಂದ ಕೈ ತೆಗೆದರು. "ಹಾಡಕ್ಕೆ ಆಗದೇ ಅಲ್ವಾ ಮೇಡಂ ಇಲ್ಲಿಗೆ ಬಂದಿದ್ದು?" ಎಂದವರೇ ಪುಸ್ತಕ ಮುಚ್ಚಿ ಬಸ್‌ಸ್ಟ್ಯಾಂಡಿಗೆ ಹೊರಟುಬಿಟ್ಟರು.

ಮೂರು ಶನಿವಾರ ಬರಲಿಲ್ಲ. ಫೋನ್ ತೆಗೆಯಲಿಲ್ಲ. ಪರೀಕ್ಷೆಗೆ ತಿಂಗಳಷ್ಟೇ ಉಳಿದಿತ್ತು. ಅದಕ್ಕಿಂತ ಹೆಚ್ಚಾಗಿ, ಇನ್ನೆಂದೂ ಅವರು ಆ ವಾದ್ಯವನ್ನು ಮುಟ್ಟುವುದಿಲ್ಲವೇನೋ ಎಂಬ ಅಳುಕು ನನ್ನನ್ನು ಕಾಡಿತು. ಭಾನುವಾರ ಬೆಳಿಗ್ಗೆ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿ ಸೊರಬಕ್ಕೆ ಹೋದೆ.

ಬಾಗಿಲು ತೆರೆದವರು ಬೇಸರ ತೋರಿಸಲಿಲ್ಲ. ಚಹಾ ಕೊಟ್ಟರು. ನಾನು ಕ್ಷಮೆ ಕೇಳಿದೆ. ಆಗ ತಿಳಿಯಿತು, ಗಿರಿಜಮ್ಮ ಮೂವತ್ತು ವರ್ಷ ಹಸೆಹಾಡು ಹೇಳಿದವರು. ಮದುಮಕ್ಕಳನ್ನು ಹಸೆಗೆ ಕೂರಿಸುವಾಗ ಹೆಂಗಸರು ಜೋಡಿಯಾಗಿ ಹೇಳುವ ಹಾಡು ಅದು. ಸುತ್ತಲ ಊರುಗಳಿಂದ ಇವರನ್ನೂ ಇವರ ಅತ್ತಿಗೆಯನ್ನೂ ಕರೆದೊಯ್ಯುತ್ತಿದ್ದರಂತೆ.

"ಅಷ್ಟುದ್ದದ ಹಾಡಿಗೆ ಉಸಿರು ಎಲ್ಲಿ ತಗೊಳ್ತಿದ್ರಿ?" ಎಂದೆ. ಸುಮ್ಮನೆ ಕುತೂಹಲಕ್ಕೆ ಕೇಳಿದ ಪ್ರಶ್ನೆ.

ಅವರ ಮುಖ ಅರಳಿತು. "ಅದೇ ಅಲ್ವಾ ಇರೋದು! ನಾ ಉಸಿರು ತಗೊಂಡಾಗ ಅತ್ತಿಗೆ ದನಿ ಬಿಡ್ತಿರ್ಲಿಲ್ಲ. ಅವ್ಳು ತಗೊಂಡಾಗ ನಾ ಬಿಡ್ತಿರ್ಲಿಲ್ಲ. ಹಾಡು ಕಡೀಬಾರ್ದು ನೋಡಿ."

ಹೇಳುತ್ತಾ ಹೇಳುತ್ತಾ ಅವರ ಬಲಗೈ ಮಣಿಕಟ್ಟು ತಾನಾಗಿ ಮೇಲೆದ್ದು ಇಳಿಯಿತು. ನಾನು ನೋಡುತ್ತಾ ಕುಳಿತೆ. ಕಾಂತಾಬಿಲೆ ಎಂದರೆ ಇದೇ. ಒಂದು ಸಾಲು ಮುಗಿದಾಗ ಬಲಗೈ ಹಗುರವಾಗಿ ಎದ್ದು ಉಸಿರು ತೆಗೆದುಕೊಳ್ಳಬೇಕು. ಅಷ್ಟು ಹೊತ್ತು ಎಡಗೈ ನಾದವನ್ನು ಹಿಡಿದಿರಬೇಕು. ಇಪ್ಪತ್ತೆಂಟು ವರ್ಷ ಪಾಠ ಹೇಳಿದ ನಾನು ಇದನ್ನು ಯಾರಿಗೂ ಹೀಗೆ ಹೇಳಿರಲಿಲ್ಲ.

"ನಿಮ್ಮ ಎಡಗೈನೇ ಅತ್ತಿಗೆ ಅಂದ್ಕೊಳ್ಳಿ" ಎಂದೆ.

ಅವರು ಪುಸ್ತಕ ತಂದು, ಗೆರೆಗಳನ್ನು ಬೆರಳಿಂದ ಸವರುತ್ತಾ, ತಾವಾಗಿದ್ದರೆ ಉಸಿರೆಳೆಯುತ್ತಿದ್ದ ಕಡೆಯಲ್ಲೆಲ್ಲ ಪೆನ್ಸಿಲ್‌ನಿಂದ ಅಲ್ಪವಿರಾಮ ಹಾಕಿದರು. ಒಂದು ಕಡೆ ನಾನು ಒಪ್ಪಲಿಲ್ಲ. "ಇಲ್ಲಿ ತಗೊಳ್ದಿದ್ರೆ ಮುಂದಿಂದು ಎತ್ತಕ್ಕೆ ಆಗಲ್ಲ ರೀ" ಎಂದು ವಾದಿಸಿದರು. ಅವರು ಹೇಳಿದ್ದೇ ಸರಿಯಾಗಿತ್ತು. ಮನೆಯಲ್ಲಿದ್ದ ಚಿಕ್ಕ ಕೀಬೋರ್ಡಿನ ಮೇಲೆ ನುಡಿಸಿದರು. ಎರಡು ಸ್ವರ ತಪ್ಪಿದವು. ನಾನು ತಿದ್ದಲಿಲ್ಲ. ನುಡಿಸಿ ಮುಗಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೊಂದ್ ಸಲ ನೋಡ್ತೀನಿ" ಎಂದರು.

ಪರೀಕ್ಷೆಯಲ್ಲಿ ಗಿರಿಜಮ್ಮ ಪಾಸಾದರು. ಸ್ಕೇಲ್‌ಗಳಲ್ಲಿ, ಅಂದರೆ ಸ್ವರಗಳನ್ನು ಸಾಲಾಗಿ ಏರಿಸಿ ಇಳಿಸುವಲ್ಲಿ, ಎಡವಿದ್ದರಿಂದ ಅಂಕ ಹೆಚ್ಚು ಬರಲಿಲ್ಲ. ಆದರೆ ಅಂದು ಪರೀಕ್ಷೆ ಮುಗಿಸಿ ಹೊರಗೆ ಬಂದವರು ಎಡವಿದ್ದನ್ನು ಬಿಟ್ಟು ಬೇರೇನೋ ಹೇಳಲು ತವಕಿಸುತ್ತಿದ್ದರು.

"ನುಡಿಸಿದ್ದು ಕೇಳಿ ಪರೀಕ್ಷಕರು, ನೀವು ಹಾಡ್ತೀರಾ ಅಂತ ಕೇಳಿದ್ರು ಮೇಡಂ. ಹೂಂ ಅಂದುಬಿಟ್ಟೆ. ಸುಳ್ಳು ಹೇಳಿದಂಗಾಯ್ತಾ?"

"ಇಲ್ಲ" ಎಂದೆ.

ಈಗ ನಿವೃತ್ತಳಾಗಿ ಮನೆಯಲ್ಲೇ ನಾಲ್ಕಾರು ಜನಕ್ಕೆ ಕಲಿಸುತ್ತೇನೆ. ಆ ಶನಿವಾರಗಳು ಆಗಾಗ ನೆನಪಾಗುತ್ತವೆ. ಹೊಸ ಪದ ಬಂದಾಗ ಅರ್ಥವನ್ನು ತಕ್ಷಣ ಹೇಳುವ ಅಭ್ಯಾಸ ಬಿಟ್ಟಿದ್ದೇನೆ. ಎದುರು ಕುಳಿತವರು ಬದುಕಿನಲ್ಲಿ ಏನೇನು ಮಾಡಿದವರು ಎಂದು ಮೊದಲು ಕೇಳುತ್ತೇನೆ. ಬಹಳ ಸಲ ಆ ಪದ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಇಟಾಲಿಯನ್‌ನಲ್ಲಿ ಗೊತ್ತಿರುವುದಿಲ್ಲ, ಅಷ್ಟೆ.