ಅಮ್ಮ ಚಾಪೆಗೆ ಬಂದು ಕೂತ ಭಾನುವಾರ

ಕಳೆದ ವಾರ ಕೋಪರಖೈರಣೆಯ ನಮ್ಮ ಫ್ಲ್ಯಾಟಿನಲ್ಲಿ ಕಪಾಟು ಖಾಲಿ ಮಾಡುವಾಗ ಹಳೆಯ ಪುಸ್ತಕವೊಂದರಿಂದ ಒಣಗಿದ ಬೇವಿನೆಲೆಯ ಕಹಿ ವಾಸನೆ ಬಂತು. ಹುಳ ಹಿಡಿಯಬಾರದೆಂದು ಪುಟಗಳ ನಡುವೆ ಬೇವಿನೆಲೆ ಇಡುತ್ತಿದ್ದವರು ಶಾರದತ್ತೆ, ನನ್ನ ಅಪ್ಪನ ಅಕ್ಕ. ಠಾಣೆಯ ನೌಪಾಡಾದಲ್ಲಿ ಅವರದು ಎರಡು ಕೋಣೆಯ ಮನೆ. ಉಡುಪಿಯಿಂದ ಬಂದು, ಆಫೀಸೊಂದರಲ್ಲಿ ಟೈಪಿಸ್ಟ್ ಆಗಿ, ಮದುವೆಯಾಗದೆ ಉಳಿದ ಅತ್ತೆಗೆ ಭಾನುವಾರವೊಂದೇ ಬಿಡುವು. ಆ ಬಿಡುವನ್ನು ಅವರು ಡೊಂಬಿವಲಿಯಿಂದ ಅಮ್ಮನ ಜೊತೆ ಬರುತ್ತಿದ್ದ ನನಗೂ ತಮ್ಮ ಪಕ್ಕದ ಮನೆಯ ಪ್ರಕಾಶನಿಗೂ ಕೊಟ್ಟುಬಿಟ್ಟಿದ್ದರು.

ನಮಗಾಗ ಹತ್ತು ವರ್ಷ. ಶಾಲೆಯ ಪುಸ್ತಕಗಳನ್ನು ಮೊದಲ ತಿಂಗಳಲ್ಲೇ ಓದಿ ಮುಗಿಸಿ, ಮುಂದೇನೆಂದು ಚಡಪಡಿಸುವ ಮಕ್ಕಳು. ಅತ್ತೆ ಪ್ರಾಣಿಗಳ ಕಥೆಗಳನ್ನೇ ಆರಿಸಿ ಕೊಡುತ್ತಿದ್ದರು, ಆದರೆ ಕೊನೆಯ ಪುಟಗಳನ್ನು ಬಟ್ಟೆಯ ಕ್ಲಿಪ್ಪಿನಿಂದ ಬಿಗಿದಿರುತ್ತಿದ್ದರು. “ಓಡಬೇಡಿ, ಸ್ವಲ್ಪ ಹೊತ್ತು ಆ ಪ್ರಾಣಿಯ ಪಕ್ಕ ಕೂತುಕೊಳ್ಳಿ” ಎನ್ನುತ್ತಿದ್ದರು. ಆನೆ ಯಾಕೆ ತಿರುಗಿ ನೋಡಿತು, ನರಿ ನಿಜಕ್ಕೂ ಮೋಸ ಮಾಡಿತೋ ಅಥವಾ ಕಥೆ ಹೇಳಿದವನು ಅದನ್ನು ಹಾಗೆ ಮಾಡಿದನೋ ಎಂದು ನಾವು ವಾದಿಸಿ ಸುಸ್ತಾದ ಮೇಲೆಯೇ ಕ್ಲಿಪ್ ತೆಗೆಯುವುದು. ನನ್ನ ವಾದ ಕನ್ನಡದಲ್ಲಿ, ಪ್ರಕಾಶನದು ಅರ್ಧ ಹಿಂದಿಯಲ್ಲಿ. ಅಷ್ಟು ಹೊತ್ತೂ ಅಮ್ಮ ಅಡುಗೆಕೋಣೆಯಲ್ಲಿ ತೊಂಡೆಕಾಯಿ ಹೆಚ್ಚುತ್ತಾ ಕೂತಿರುತ್ತಿದ್ದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಪುಸ್ತಕದ ಮಾತು ತನ್ನದಲ್ಲವೆಂದು ದೂರವೇ ಇದ್ದಳು.

ಒಂದು ಭಾನುವಾರದ ಕಥೆಯಲ್ಲಿ ತಾಯಿಮಂಗವೊಂದು ಸತ್ತ ಮರಿಯನ್ನು ಅವಚಿಕೊಂಡು ಮರದಿಂದ ಮರಕ್ಕೆ ಅಲೆಯುತ್ತಿತ್ತು. “ಮರಿ ಸತ್ತದ್ದು ಅದಕ್ಕೆ ಗೊತ್ತುಂಟಾ?” ಎಂದು ಅತ್ತೆ ಕೇಳಿದರು.

“ಉಸ್ಕೋ ಪತಾ ನಹೀ, ಮರಿ ಮಲಗಿದೆ ಅಂದ್ಕೊಂಡಿದೆ” ಎಂದ ಪ್ರಕಾಶ.

ನಾನು ಅವನಿಗಿಂತ ಜಾಣೆ. “ಗೊತ್ತಿದ್ರೆ ಬಿಟ್ಟು ಹೋಗ್ತಿತ್ತು. ಸಾವು ಅಂದ್ರೆ ಏನೂಂತ ಪ್ರಾಣಿಗಳಿಗೆ ತಿಳಿಯೋದಿಲ್ಲ” ಎಂದೆ.

ಅಡುಗೆಕೋಣೆಯಲ್ಲಿ ಹೆಚ್ಚುವ ಸದ್ದು ನಿಂತಿತು. ಅಮ್ಮ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು. “ಅದಕ್ಕೆ ಗೊತ್ತುಂಟು. ಗೊತ್ತಿದ್ದೂ ಕೆಳಗೆ ಇಡಲಿಕ್ಕೆ ಆಗುವುದಿಲ್ಲ” ಎಂದಳು. ಕೈಯನ್ನು ಸೆರಗಿಗೆ ಒರೆಸುತ್ತಾ ಅತ್ತೆಯ ಕಡೆ ತಿರುಗಿದಳು. “ಆಸ್ಪತ್ರೆಯಲ್ಲಿ ನರ್ಸ್ ಮೂರು ಸಲ ಕೇಳಿದಳು, ಮಗುವನ್ನು ಕೊಡಿ ಅಂತ. ನಾನು ಕೊಡಲಿಲ್ಲ, ಅತ್ತಿಗೆ.”

ನನಗಿಂತ ಮೊದಲು ಹುಟ್ಟಿ ಒಂಬತ್ತೇ ದಿನ ಬದುಕಿದ ಅಣ್ಣನೊಬ್ಬನಿದ್ದ ಎಂದಷ್ಟೇ ನನಗೆ ಗೊತ್ತಿತ್ತು. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಅತ್ತೆ ಸಮಾಧಾನ ಹೇಳಲು ಹೋಗಲಿಲ್ಲ. ಚಾಪೆಯ ಮೇಲೆ ಸರಿದು ಜಾಗ ಮಾಡಿ, “ಇಲ್ಲಿ ಕೂತುಕೋ ಸುಮತಿ. ಈ ಕಥೆ ನಮಗಿಂತ ನಿನಗೆ ಚೆನ್ನಾಗಿ ಗೊತ್ತು” ಎಂದರು. ಅಮ್ಮ ಬಂದು ಕೂತಳು. ಕ್ಲಿಪ್ ತೆಗೆಯಿರಿ ಎಂದು ಆ ದಿನ ನಾವಿಬ್ಬರೂ ಕೇಳಲಿಲ್ಲ. ಮುಂದಿನ ವಾರದಿಂದ ಅಮ್ಮ ಪ್ರತಿ ಭಾನುವಾರವೂ ಚಾಪೆಗೆ ಬರತೊಡಗಿದಳು. ನಾವು ಗಟ್ಟಿಯಾಗಿ ಓದುತ್ತಿದ್ದೆವು, ಅವಳು ಕೇಳುತ್ತಿದ್ದಳು, ನಮಗೆ ಹೊಳೆಯದ್ದನ್ನು ಮೆಲ್ಲಗೆ ಹೇಳುತ್ತಿದ್ದಳು.

ಅತ್ತೆ ತೀರಿಹೋದರು. ಆ ಕಟ್ಟಡ ಕೆಡವಿ ಎತ್ತರದ ಟವರ್ ಕಟ್ಟಿದ್ದಾರೆ. ಅಮ್ಮನೂ ಈಗಿಲ್ಲ. ನಿಮಗೂ ಹೀಗೆ, ಜಾಗ ಮಾಡಿ ಕೂರಿಸುವವರು ಒಬ್ಬರಿದ್ದಿರಬಹುದು. ನನಗೆ ಹೆಚ್ಚು ನೆನಪಾಗುವುದು ಮಂಗದ ಕಥೆಯ ಆ ದಿನ ಮನೆಗೆ ಮರಳಿದ ದಾರಿ. ತಪ್ಪು ಮಾಡಿದವಳಂತೆ ನಾನು ಅಮ್ಮನ ಹಿಂದೆ ಹಿಂದೆ ನಡೆಯುತ್ತಿದ್ದೆ. ಸ್ಟೇಷನ್ನಿನ ಮೆಟ್ಟಿಲ ಬಳಿ ಅವಳು ನಿಂತು, ನನ್ನ ಕೂದಲನ್ನು ಹಿಂದಕ್ಕೆ ಸರಿಸಿ, “ಅವನ ಕಿವಿಯೂ ಹೀಗೆಯೇ ಇತ್ತು” ಎಂದಳು. ಲೋಕಲ್ ರೈಲು ಡೊಂಬಿವಲಿ ತಲುಪುವವರೆಗೂ ನಾನು ನನ್ನ ಕಿವಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ.