ಯಮನವ್ವನ ಬಲಗೈ

ಯಮನವ್ವನ ಬಲಗೈ ಎರಡು ತಿಂಗಳಿಂದ ಮುಷ್ಟಿಯಾಗಿಯೇ ಇತ್ತು. 2009ರ ನೆರೆಯಲ್ಲಿ ರಾಯಚೂರು ಕಡೆಯ ಅವಳ ಮನೆ ಕುಸಿದಾಗ, ನೆಗೆಣ್ಣಿ ಪಾರವ್ವನನ್ನು ಅದೇ ಕೈಯಿಂದ ಹಿಡಿದಿದ್ದಳು. ಪಾರವ್ವ ನೀರುಪಾಲಾದಳು. ಆಮೇಲೆ ಬೆರಳು ಬಿಚ್ಚಲಿಲ್ಲ. ಎಲುಬಿಗೆ ಏನೂ ಆಗಿಲ್ಲ ಎಂದರು ಡಾಕ್ಟರು.

ನಮ್ಮೂರು ನಿಗಡಿಯಲ್ಲಿ ಗಾರೆ ಕೆಲಸ ಮಾಡುವ ತಮ್ಮ ಲಾಲಪ್ಪ ಅವಳನ್ನು ತನ್ನ ತಗಡಿನ ಶೆಡ್ಡಿಗೆ ಕರೆತಂದ. ಎಡಗೈಯಿಂದ ಉಣ್ಣಲು ಒಲ್ಲದ ಅಕ್ಕನಿಗೆ ತಾನೇ ತುತ್ತು ಮಾಡಿ ಹಾಕುತ್ತಿದ್ದ. "ಹಿಂಗ ಎಷ್ಟ ದಿನಾರೀ, ಬಾಯಾರ?" ಎಂದು ನನ್ನ ಮುಂದೆ ಕಣ್ಣೀರು ಹಾಕಿದ.

ನಾನು ಗುಡಿಯ ಹಿಂದಿನ ಹಾಲ್‌ನಲ್ಲಿ ಬೆಳಿಗ್ಗೆ ಹೆಂಗಸರಿಗೆ ಯೋಗ ಹೇಳಿಕೊಡುತ್ತಿದ್ದೆ. ಅಕ್ಕನನ್ನೂ ಅಲ್ಲಿಗೆ ಕಳಿಸು ಎಂದೆ. ನನ್ನದು ಸ್ವಲ್ಪ ಬಾಯಿ ಜೋರು. ಕಣ್ಣು ಮುಚ್ಚಿ ಮಲಗು ಎಂದರೆ ಯಮನವ್ವ ಬೆಚ್ಚಿ ಎದ್ದು ಕೂರುತ್ತಿದ್ದಳು. ಕೈ ಸಡಿಲ ಬಿಡು ಎಂದು ಒಮ್ಮೆ ಗದರಿಯೂ ಬಿಟ್ಟೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಒಂದು ದಿನ ಬೀಸುವ ಕಲ್ಲಿನ ಆಸನ. ಕಾಲು ಚಾಚಿ ಕುಳಿತು, ಎರಡೂ ಕೈ ಕೂಡಿಸಿ, ಹಿಟ್ಟು ಬೀಸಿದಂತೆ ಸುತ್ತು ಹಾಕುವುದು. ಯಮನವ್ವ ಎರಡು ಸುತ್ತು ಹಾಕಿ ನಿಲ್ಲಿಸಿದಳು.

"ಯಾಕ್ರಿ, ದಣಿವಾತೇನು?"

"ಕಲ್ಲಿನ ಬಾಯಾಗ ಕಾಳಿಲ್ರಿ. ಬರೇ ಕಲ್ಲು ತಿರುವಬಾರದ್ರಿ, ಮನಿಗಿ ಛಲೋ ಅಲ್ಲ."

ಎಲ್ಲರೂ ನಕ್ಕರು. ನನಗೆ ಮಾತ್ರ ಏನೋ ಹೊಳೆಯಿತು. ಅವಳೆದುರು ಪಾದಕ್ಕೆ ಪಾದ ತಾಗಿಸಿ ಕುಳಿತೆ. "ನಾ ತಿರುವತೀನಿ, ನೀವು ಕಾಳು ಹಾಕ್ರಿ."

"ಹಂಗ ಇತ್ರಿ ನಮ್ದೂ. ಪಾರವ್ವ ತಿರುವಾಕಿ, ನಾ ಹಾಕಾಕಿ."

ಇಲ್ಲದ ಕಲ್ಲನ್ನು ತಿರುಗಿಸತೊಡಗಿದೆ. ಮೂರನೆಯ ಸುತ್ತಿಗೆ ಅವಳ ಬಲಗೈ ಪಕ್ಕದ ಇಲ್ಲದ ಬುಟ್ಟಿಗೆ ಹೋಯಿತು. ಕಲ್ಲಿನ ಬಾಯಿಯ ಮೇಲೆ ಬಂತು. ಬೆರಳು ಒಂದೊಂದಾಗಿ ಬಿಚ್ಚಿಕೊಂಡವು.

ನಾನು ತಿರುಗಿಸುತ್ತಲೇ ಇದ್ದೆ. ಇನ್ನೂ ನಾಲ್ಕು ಬಾರಿ ಕಾಳು ಹಾಕಿದ ಮೇಲೆ ಅವಳು ತನ್ನ ಅಂಗೈ ನೋಡಿಕೊಂಡಳು.

"ನಾ ಆಕಿ ಕೈ ಬಿಡಲಿಲ್ರಿ, ಬಾಯಾರ. ಜಾರಿತ್ರಿ."

"ಹೌದ್ರಿ. ಜಾರಿತು."

ಎರಡು ತಿಂಗಳಲ್ಲಿ ಮೊದಲ ಸಲ ಅವಳು ಅತ್ತಳು. ನಾನೂ ಅತ್ತೆ, ನಾಚಿಕೆಯೇನು ಅದರಲ್ಲಿ.

ಅಂದು ಮಧ್ಯಾಹ್ನ ಲಾಲಪ್ಪ ಎಂದಿನಂತೆ ತುತ್ತು ಮಾಡಲು ತಾಟಿಗೆ ಕೈ ಹಾಕಿದನಂತೆ. ಯಮನವ್ವ ತಾಟು ತನ್ನ ಕಡೆ ಎಳೆದುಕೊಂಡು, ರೊಟ್ಟಿ ಮುರಿದು, ಮೊದಲ ತುತ್ತನ್ನು ತಮ್ಮನ ಬಾಯಿಗೆ ಇಟ್ಟಳಂತೆ.