ಮೊದಲು ಮಾತು, ಆಮೇಲೆ ಭಜಿ

ಇಂಡಿ ಊರಿನ ಬೇಳೆ ಮಿಲ್ಲಿನಲ್ಲಿ ನಾನು ತೊಗರಿ ಆರಿಸುತ್ತಿದ್ದಾಗ, ಕೆಲಸಗಾರರನ್ನೂ ಕೂಡಿಸಿಕೊಂಡು ಸುರಕ್ಷತಾ ಕಮಿಟಿ ಮಾಡಬೇಕೆಂದು ಸರ್ಕಾರದ ಸಾಹೇಬರೊಬ್ಬರು ಬಂದು ಹೇಳಿಹೋದರು. ಮಿಲ್ಲಿನ ಸಾವ್ಕಾರರು ನನ್ನ ಹೆಸರನ್ನೇ ಮೊದಲು ಬರೆಸಿದರು. ನನ್ನ ಬಾಯಿ ಜೋರು. ಒಳಗೆ ಕೂಡಿಸಿಕೊಂಡರೆ ಹೊರಗೆ ಒದರುವುದಿಲ್ಲ ಎಂಬ ಲೆಕ್ಕ ಅವರದು. ಜತೆಗೆ ಯಂತ್ರದ ಬೆಲ್ಟಿನ ಬುಡದಲ್ಲಿ ಕಸ ಗುಡಿಸುವ, ನಾವೆಲ್ಲ ಅಕ್ಕ ಎನ್ನುತ್ತಿದ್ದ ಹೆಂಗಸು, ಮತ್ತೆ ಇಬ್ಬರು ಹಮಾಲರು.

ತಿಂಗಳಿಗೊಂದು ಮೀಟಿಂಗು. ಮೊದಲು ಮಿರ್ಚಿ ಭಜಿ, ಆಮೇಲೆ ಚಹಾ, ಆಮೇಲೆ ಸಾವ್ಕಾರರ ಪ್ರಶ್ನೆ: "ಏನರ ತೊಂದ್ರಿ ಐತೇನ್ರಪಾ?"

"ಏನೂ ಇಲ್ರಿ, ಎಲ್ಲಾ ಚಲೋ ಐತ್ರಿ" ಎಂದು ಸಹಿ ಹಾಕಿ ಏಳುತ್ತಿದ್ದೆವು. ಉಂಡ ಮನೆಗೆ ಎರಡು ಬಗೆಯಬಾರದಲ್ಲ! ಓಣಿಯಲ್ಲೆಲ್ಲ ಜಗಳಗಂಟಿ ಎನಿಸಿಕೊಂಡ ನಾನೂ ಭಜಿ ಮುಂದೆ ಬೆಕ್ಕಿನ ಮರಿಯಾಗುತ್ತಿದ್ದೆ. ನೆನೆಸಿಕೊಂಡರೆ ಇವತ್ತಿಗೂ ನಾಚಿಕೆ.

ತಿರುಗುವ ಬೆಲ್ಟಿಗೆ ಅಡ್ಡ ಕಬ್ಬಿಣದ ಜಾಳಿ ಇರಲಿಲ್ಲ. ಒಂದು ಮುಂಜಾನೆ ಅದು ಅಕ್ಕನ ಸೆರಗು ಹಿಡಿದು ಎಳೆಯಿತು. ಹಳೆಯ ಸೀರೆ, ಪರ್ರನೆ ಹರಿಯಿತು, ಅಕ್ಕ ಉಳಿದಳು. "ಹೊಸಾ ಸೀರಿ ಉಟ್ಟಿದ್ರ ಅದರ ಕೂಡ ನಾನೂ ಹೋಗತಿದ್ನಿ ನೋಡವಾ" ಎಂದು ನಕ್ಕಳು.

ಅದೇ ವಾರ ಬಂದ ತಿಂಗಳ ಮೀಟಿಂಗಿನಲ್ಲಿ ಭಜಿ ತಿಂದು ಅಕ್ಕ ಅಂದಳು, "ಎಲ್ಲಾ ಚಲೋ ಐತ್ರಿ." ನನಗೆ ಮೈಯೆಲ್ಲ ಉರಿದುಹೋಯಿತು. ಹೊರಗೆ ಬಂದು ಬೈದೆ.

"ಅವರ ಚಹಾ ಕುಡದು ಹೆಂಗ ಹೇಳ್ಲಿ? ಬಾಯೇ ಬರಲಿಲ್ಲ" ಎಂದಳು. ನಾನಾದರೂ ಏನು ಕಿಸಿದಿದ್ದೆ!

ಮುಂದಿನ ತಿಂಗಳು ತಾಟು ಬರುತ್ತಲೇ ಎದ್ದುನಿಂತೆ. "ಸಾವ್ಕಾರ್ರ, ಇವತ್ತ ಮೊದಲ ಮಾತು. ಭಜಿ ಆಮ್ಯಾಲ." ಹಮಾಲರು ನನ್ನನ್ನು ತಿಂದುಬಿಡುವಂತೆ ನೋಡಿದರು. ಅಕ್ಕ ನೆಲ ನೋಡುತ್ತಲೇ ಸೆರಗಿನ ಸುದ್ದಿ ಪೂರಾ ಹೇಳಿದಳು.

"ಇಷ್ಟ ದಿನಾ ಯಾಕ ಹೇಳ್ಲಿಲ್ಲವಾ?" ಎಂದರು ಸಾವ್ಕಾರರು.

"ನೀವು ಕೇಳೂದ್ರಾಗ ಬಾಯಿ ತುಂಬಿರ್ತಿತ್ರಿ" ಎಂದಳು ಅಕ್ಕ.

ಸಾವ್ಕಾರರು ತಾಟು ಪಕ್ಕಕ್ಕೆ ಸರಿಸಿ ಎದ್ದರು. ಮಿಲ್ಲು ನಿಲ್ಲಿಸಿ ವೆಲ್ಡಿಂಗ್ ಮೇಸ್ತ್ರಿಯನ್ನು ಕರೆಸಿದರು.

ಜಾಳಿ ಬೆಲ್ಟಿನಿಂದ ಎಷ್ಟು ದೂರ ಇರಬೇಕೆಂದು ಮೇಸ್ತ್ರಿ ಕೇಳಿದ. ಸಾವ್ಕಾರರು ಅಂದಾಜಿಗೆ ಗೇಣು ತೋರಿಸಿದರು. ಅಕ್ಕ ಅವರನ್ನು ಪಕ್ಕಕ್ಕೆ ಸರಿಸಿ, ದಿನಾ ನಿಲ್ಲುವ ಜಾಗದಲ್ಲೇ ಬಗ್ಗಿ, ನಿಂತ ಬೆಲ್ಟಿನ ಕಡೆ ಬಲಗೈ ಚಾಚಿದಳು.

"ಇಲ್ಲೀತನಕಾ ಹೋಗ್ತೈತ್ರಿ ನನ್ನ ಕೈ."

ಮೇಸ್ತ್ರಿ ಟೇಪು ಬಿಚ್ಚಿ ಅವಳ ಹೆಗಲಿನಿಂದ ಬೆರಳ ತುದಿಯವರೆಗೆ ಅಳೆದ. ಹಸಿರು ಬಳೆ ತುಂಬಿದ ಆ ಕೈ ನೋಡುತ್ತ ನಾನು ಎಲ್ಲರೆದುರು ಗೊಳೋ ಎಂದು ಅತ್ತುಬಿಟ್ಟೆ.